ತೀರ್ಥನ್ ನದಿಯಲ್ಲಿ ಟ್ರೌಟ್ ಮೀನು ಹಿಡಿಯಲು ಹೋಗುವವರಿಗೆ

ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ‘ಫ್ಲೈ ಫಿಶಿಂಗ್’ ಎಂಬ ಬೋರ್ಡು ನೋಡಿ ಮುಂಗಡ ದುಡ್ಡು ಕೊಡಬೇಡಿ. ನಾನು ಉಳಿದ ಹೋಮ್‌ಸ್ಟೇಯಲ್ಲಿ ಗಾಳದ ಕೋಲು, ಲೈಸೆನ್ಸು ಎಲ್ಲಾ ಸೇರಿ ಎಂದು ರೂಮಿಗಿಂತ ಜಾಸ್ತಿ ತೆಗೆದುಕೊಂಡರು. ಸಂಜೆ ಕೈಗೆ ಬಂದದ್ದು ಗಿಡ್ಡ ಸ್ಪಿನ್ನಿಂಗ್ ಕೋಲು, ತುದಿಯಲ್ಲಿ ಮೀನನ್ನು ಸೆಳೆಯುವ ಹೊಳೆಯುವ ತಗಡು, ಅಂದರೆ ‘ಸ್ಪೂನು’. ಇದು ಬೇರೆಯದೇ ವಿದ್ಯೆ. ಫ್ಲೈ ಅಂದರೆ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳ. ಅದಕ್ಕೆ ತೂಕವೇ ಇರುವುದಿಲ್ಲ. ದಪ್ಪ ದಾರದ ಭಾರವೇ ಅದನ್ನು ನೀರಿಗೆ ಒಯ್ಯಬೇಕು. ಅದಕ್ಕೆ ಉದ್ದನೆಯ, ಬಳುಕುವ ಕೋಲು ಬೇಕು. ಲೈಸೆನ್ಸು ಕೇಳಿದರೆ ‘ಇಲ್ಲಿ ಯಾರೂ ನೋಡಲ್ಲ’ ಎಂಬ ಉತ್ತರ. ದುಡ್ಡು ವಾಪಸ್ ಬರಲೇ ಇಲ್ಲ.

ಲೈಸೆನ್ಸನ್ನು ಮೀನುಗಾರಿಕೆ ಇಲಾಖೆಯವರಿಂದ ನೀವೇ ಮಾಡಿಸಿಕೊಳ್ಳಿ. ದಿನದ ಲೆಕ್ಕದಲ್ಲಿ ಕೊಡುತ್ತಾರೆ. ನವೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಆಗ ಗಾಳ ಹಾಕುವಂತಿಲ್ಲ. ಮೇ, ಜೂನ್‌ನಲ್ಲಿ ಹಿಮ ಕರಗಿ ನೀರು ಜೋರು, ಜನವೂ ಜಾಸ್ತಿ. ಮಳೆಗಾಲದಲ್ಲಿ ಕೆಸರು ನೀರು. ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಹೋಗಿ.

ಪಕ್ಕದ ಕೋಣೆಯಲ್ಲಿದ್ದ ಪುಣೆಯ ಹಿರಿಯರೊಬ್ಬರು ತಮ್ಮ ಒಂಬತ್ತು ಅಡಿಯ ಕೋಲನ್ನು ಒಂದು ಬೆಳಿಗ್ಗೆಯ ಮಟ್ಟಿಗೆ ಕೊಟ್ಟರು. ಬೆಳಕು ಹರಿಯುವ ಹೊತ್ತಿಗೆ ಗುಶೈನಿ ಎಂಬ ಹಳ್ಳಿಯಿಂದ ಮೇಲಕ್ಕೆ ನಡೆದೆ. ಅಲ್ಲೇ ಫಲಾಚನ್ ಹಳ್ಳ ತೀರ್ಥನ್‌ಗೆ ಸೇರುತ್ತದೆ. ಸಂಗಮ ದಾಟಿದ ಮೇಲೆ ಒಬ್ಬರೂ ಸಿಗಲಿಲ್ಲ. ನೀರಿಗೆ ಕಾಲಿಟ್ಟರೆ ಮೊಣಕಾಲವರೆಗೆ ಮರಗಟ್ಟುವಷ್ಟು ಚಳಿ. ಟ್ರೌಟ್‌ಗೆ ಈ ತಣ್ಣೀರೇ ಬೇಕು. ಅದಕ್ಕೇ ನಮ್ಮ ಭೀಮೇಶ್ವರಿಯ ಕಾವೇರಿಯಲ್ಲಿ ಮಹಸೀರ್ ಇದೆ, ಟ್ರೌಟ್ ಇಲ್ಲ.

ಟ್ರೌಟ್ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟ ಮೀನು. ಹರಿವಿಗೆ ಮುಖ ಮಾಡಿ ಬಂಡೆಯ ಹಿಂದಿನ ತಿಳಿ ಗುಂಡಿಯಲ್ಲಿ ನಿಂತು, ತೇಲಿ ಬರುವ ಹುಳಕ್ಕೆ ಕಾಯುತ್ತದೆ. ಹಾಗಾಗಿ ಕೆಳಗಿನಿಂದ, ಅದರ ಬೆನ್ನ ಕಡೆಯಿಂದ ಹೋಗಬೇಕು. ದೂರ ಎಸೆಯುವುದೇ ಬೇಡ. ಬಗ್ಗಿ ನಿಂತು ನಾಲ್ಕೈದು ಮಾರು ದೂರಕ್ಕೆ ಹಾಕಿ, ದಾರವನ್ನು ನೀರಿನಿಂದ ಎತ್ತಿ ಹಿಡಿದು ಹುಳವನ್ನು ಸುಮ್ನೆ ತೇಲಲು ಬಿಡಿ. ಬಂಡೆಗಳ ಮೇಲಿನ ಪಾಚಿ ಭಯಂಕರ ಜಾರುತ್ತದೆ. ಒಂದು ಊರುಗೋಲು ಇರಲಿ.

ಬಿಸಿಲು ನೀರಿಗೆ ಬೀಳುವ ಮೊದಲೇ ದಾರ ಒಮ್ಮೆ ನಿಂತಿತು, ಕೋಲು ಬಾಗಿತು. ಬ್ರೌನ್ ಟ್ರೌಟ್, ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದು. ಕಂದು ಮೈಮೇಲೆ ಕುಂಕುಮದ ಬೊಟ್ಟಿನಂಥ ಚುಕ್ಕೆಗಳು. ಅಷ್ಟು ಚೆಂದದ ಮೀನನ್ನು ನಾನು ಬೇರೆಲ್ಲೂ ನೋಡಿಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟಿದ್ದರೆ ಬಿಡಿಸುವುದು ಸುಲಭ. ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ತಿನ್ನಲಿಕ್ಕೆ ಸಾಕಿದ ಟ್ರೌಟ್ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಕೆಳಗೆ ಲಾರ್ಜಿಯಲ್ಲಿ, ತೀರ್ಥನ್ ಹೋಗಿ ಸೇರುವ ಬಿಯಾಸ್ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ತೀರ್ಥನ್ ಅದರಿಂದ ಪಾರಾಗಿ ಉಳಿದಿದೆ, ಉಳಿಯಲಿ.

ಊಟಕ್ಕೆ ರಸ್ತೆ ಬದಿಯ ಢಾಬಾಗಳೇ ಸಾಕು. ಬಂಜಾರ್‌ನ ಬಸ್ ನಿಲ್ದಾಣದ ಹತ್ತಿರ, ನಾಲ್ಕು ಬೆಂಚಿನ ಒಂದು ಅಂಗಡಿಯಲ್ಲಿ ಸಿಡ್ಡು ತಿಂದೆ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟ್ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ಮುರಿದು ಮೇಲೆ ತುಪ್ಪ ಸುರಿದರು, ಜೊತೆಗೆ ಖಾರದ ಹಸಿರು ಚಟ್ನಿ. ಅಂಗಡಿಯ ಅಜ್ಜಿ ನಾನು ಕೇಳದೆಯೇ ಎರಡನೇ ಸಲ ತುಪ್ಪ ಹಾಕಿದರು. ಜೊತೆಗೆ ರಾಜ್ಮಾ ಅನ್ನ. ಹೋಮ್‌ಸ್ಟೇಯ ಒಂದು ಬೆಳಗಿನ ತಿಂಡಿಯ ದುಡ್ಡಿನಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು.

ದೆಹಲಿ, ಚಂಡೀಗಢದಿಂದ ಮನಾಲಿ ಬಸ್ಸಿನಲ್ಲಿ ಬರುವವರು ಔಟ್ ಎಂಬ ಊರಿನಲ್ಲಿ, ಅಲ್ಲಿನ ಸುರಂಗಕ್ಕೆ ಮೊದಲೇ ಇಳಿಯಬೇಕು. ಕಂಡಕ್ಟರ್‌ಗೆ ಮಂಡಿ ಊರು ಬಂದಾಗಲೇ ನೆನಪಿಸಿ. ಅಲ್ಲಿಂದ ಬಂಜಾರ್‌ಗೆ ಲೋಕಲ್ ಬಸ್ಸಿದೆ. ಕೋಲನ್ನು ಮೇಲಿನ ಸಾಮಾನಿನ ಜೊತೆ ಹಾಕಬೇಡಿ, ಕೈಯಲ್ಲೇ ಹಿಡಿದು ಕೂರಿ.