ಪ್ರೋಗ್ರಾಮ್ ಇಲ್ಲ, ಬ್ಯಾಟರಿ ಇಲ್ಲ, ಆದರೂ ಬೆಳಕು ಹುಡುಕುತ್ತದೆ

ನನ್ನ ಹತ್ತಿರ ಇರುವ ರೋಬೋಟ್‌ಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಅದರಲ್ಲಿ ಬ್ಯಾಟರಿ ಇಲ್ಲ. ಕಂಪ್ಯೂಟರ್ ಇಲ್ಲ. ಹಾಗಾಗಿ ಒಂದು ಸಾಲು ಪ್ರೋಗ್ರಾಮ್ ಕೂಡ ಇಲ್ಲ. ಬೆನ್ನ ಮೇಲೆ ಪುಟ್ಟ ಸೋಲಾರ್ ಪ್ಯಾನೆಲ್, ಕೆಳಗೆ ಎರಡು ಮೋಟಾರ್, ಮುಂದೆ ಎರಡು ಕಣ್ಣು, ಅಷ್ಟೇ. ಬೆಳಕು ಎಲ್ಲಿ ಜಾಸ್ತಿಯೋ ಅಲ್ಲಿಗೆ ಕುಪ್ಪಳಿಸುತ್ತಾ ಹೋಗುತ್ತದೆ. ಹವ್ಯಾಸಿಗಳು ಇಂಥದ್ದನ್ನು ಫೋಟೋಪಾಪರ್ ಅನ್ನುತ್ತಾರೆ. ಅದನ್ನು ಕಟ್ಟಿ ಮುಗಿಸಿದ ಭಾನುವಾರದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಅವತ್ತು ಬೆಳಿಗ್ಗೆ ಒಬ್ಬ ಗೆಳೆಯ ಬಂದಿದ್ದ. ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡುವ ದೊಡ್ಡ ರೋಬೋಟ್ ಕೈಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ. ಮೇಜಿನ ಮೇಲೆ ಹರಡಿದ್ದ ಸಾಮಾನು ನೋಡಿದ. ಪ್ರೊಸೆಸರ್ ಎಲ್ಲಿ ಅಂತ ಕೇಳಿದ. ಇಲ್ಲ ಅಂದೆ. 'ಹಾಗಾದರೆ ಇದು ರೋಬೋಟ್ ಅಲ್ಲ. ಇನ್ನೇನಾದರೂ ಹೆಸರಿಡು' ಅಂದ. ಅವನು ತಮಾಷೆಗೆ ಹೇಳಿದ್ದಲ್ಲ. ಸುತ್ತಲಿನದ್ದನ್ನು ಗ್ರಹಿಸಬೇಕು, ಲೆಕ್ಕ ಹಾಕಬೇಕು, ಆಮೇಲೆ ಚಲಿಸಬೇಕು. ಈ ಮೂರರಲ್ಲಿ ಮಧ್ಯದ್ದು ಇಲ್ಲದಿದ್ದರೆ ಅದು ರೋಬೋಟ್ ಆಗುವುದಿಲ್ಲ ಅನ್ನುವುದು ಅವನ ವಾದ. ನನಗೆ ಅವತ್ತಿಡೀ ಆ ಮಾತು ತಲೆಯಲ್ಲಿ ಓಡುತ್ತಿತ್ತು.

ಮೋಟಾರ್‌ಗಳಿಂದ ಶುರು ಮಾಡಿದೆ. ಹಳೆಯ ಮೊಬೈಲ್ ಫೋನಿನ ಒಳಗೆ, ಫೋನ್ ನಡುಗುವಂತೆ ಮಾಡಲು ಒಂದು ಪುಟ್ಟ ಕೊಳವೆಯಂಥ ಮೋಟಾರ್ ಇರುತ್ತದೆ. ಅದರ ದಂಡದ ತುದಿಗೆ ಒಂದು ಕಡೆಗೆ ವಾಲಿದ ಲೋಹದ ತುಂಡು ಸಿಕ್ಕಿಸಿರುತ್ತಾರೆ. ಆ ತುಂಡನ್ನು ನಿಧಾನವಾಗಿ ಕಿತ್ತು, ದಂಡಕ್ಕೆ ಸ್ವಲ್ಪ ರಬ್ಬರ್ ತೊಡಿಸಿದರೆ ಅದೇ ಚಕ್ರ. ಗೇರ್ ಬೇಡ, ಬೇರೆ ಗಾಲಿ ಬೇಡ. ಎರಡು ಮೋಟಾರ್‌ಗಳನ್ನು ಓರೆಯಾಗಿ ಕೂರಿಸಬೇಕು, ದಂಡದ ತುದಿ ಮಾತ್ರ ನೆಲ ಮುಟ್ಟುವಂತೆ. ಮೂರನೇ ಕಾಲಾಗಿ ಹಿಂದೆ ಒಂದು ತಂತಿ ಎಳೆದುಕೊಂಡು ಬರುತ್ತದೆ.

ಇದಕ್ಕೆ ಸರ್ಕ್ಯೂಟ್ ಬೋರ್ಡ್ ಕೂಡ ನಾನು ಬಳಸಲಿಲ್ಲ. ಭಾಗಗಳ ಕಾಲುಗಳನ್ನೇ ಒಂದಕ್ಕೊಂದು ಬೆಸೆದು ಮೈ ಕಟ್ಟುವ ಪದ್ಧತಿ ಇದೆ. ಕರೆಂಟ್ ಕೂಡಿಡುವ ಕೆಪಾಸಿಟರೇ ಹೊಟ್ಟೆ, ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳೇ ಭುಜ. ಮೋಟಾರ್ ಹಿಡಿಯಲು ಪೇಪರ್ ಕ್ಲಿಪ್ ಬಗ್ಗಿಸಿ ಚೌಕಟ್ಟು ಮಾಡಿದೆ. ಪೇಪರ್ ಕ್ಲಿಪ್‌ಗೆ ಬೆಸುಗೆ ಸುಲಭವಾಗಿ ಹಿಡಿಯುವುದಿಲ್ಲ. ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ತಾಳ್ಮೆಯಿಂದ ಕಾಯಿಸಬೇಕು. ಈ ಕೆಲಸದಲ್ಲಿ ನನಗೆ ಸಿಗುವ ಖುಷಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಸರ್ಕ್ಯೂಟ್ ಬೇರೆ, ಮೈ ಬೇರೆ ಅಂತ ಇರುವುದಿಲ್ಲ ಇಲ್ಲಿ. ಒಂದು ತಂತಿಯನ್ನು ಬಗ್ಗಿಸಿದರೆ ನಡಿಗೆಯೇ ಬದಲಾಗುತ್ತದೆ.

ಹೀಗೆ ರೋಬೋಟ್ ಕಟ್ಟುವ ದಾರಿಯನ್ನು ಹವ್ಯಾಸಿಗಳಿಗೆ ತೋರಿಸಿದವರು ಮಾರ್ಕ್ ಟಿಲ್ಡನ್. 1990ರ ದಶಕದಲ್ಲಿ ಅವರು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿದ್ದರು. ಜೀವಶಾಸ್ತ್ರ, ಎಲೆಕ್ಟ್ರಾನಿಕ್ಸ್, ಸೌಂದರ್ಯ, ಯಂತ್ರವಿದ್ಯೆ ನಾಲ್ಕನ್ನೂ ಸೇರಿಸಿದ ಈ ಪದ್ಧತಿಗೆ, ಆ ನಾಲ್ಕರ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ, ಬೀಮ್ (BEAM) ಅನ್ನುತ್ತಾರೆ. ಎಸೆದ ಸಾಮಾನಿನ ಮೋಟಾರ್, ಸೂರ್ಯನ ಬೆಳಕು, ಆದಷ್ಟು ಕಡಿಮೆ ಭಾಗಗಳು. 2004ರಲ್ಲಿ ಬಂದ ರೋಬೋಸೇಪಿಯನ್ ಎಂಬ ಆಟಿಕೆ ಮನುಷ್ಯನನ್ನು ರೂಪಿಸಿದವರೂ ಅವರೇ. ಸೌಂದರ್ಯವನ್ನು ಅವರು ಆ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ಬಹಳ ಹಿಡಿಸುತ್ತದೆ. ಯಂತ್ರ ಚೆಂದ ಕಾಣಬೇಕು ಅಂತ ಎಂಜಿನಿಯರ್‌ಗಳು ಇಷ್ಟು ಬಾಯಿಬಿಟ್ಟು ಹೇಳುವುದು ಕಡಿಮೆ.

ಇದರ ಒಳಗಿನ ಉಪಾಯ ನೋಡಿ. ಬೆನ್ನ ಮೇಲಿನ ಪ್ಯಾನೆಲ್ ಕೊಡುವುದು ಕೆಲವೇ ಮಿಲಿಆಂಪಿಯರ್ ಕರೆಂಟ್. ಅದರಿಂದ ನೇರವಾಗಿ ಮೋಟಾರ್ ತಿರುಗುವುದಿಲ್ಲ. ಹಾಗಾಗಿ ಆ ಕರೆಂಟನ್ನು 4700 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಕೂಡಿಡಬೇಕು. ಎರಡೂವರೆ ವೋಲ್ಟ್ ತುಂಬಿದಾಗ ಅದರಲ್ಲಿರುವ ಶಕ್ತಿ ಸುಮಾರು 0.015 ಜೂಲ್. ಒಂದು ಗ್ರಾಂ ತೂಕವನ್ನು ಒಂದೂವರೆ ಮೀಟರ್ ಎತ್ತರಕ್ಕೆ ಎತ್ತುವಷ್ಟು. ಅದನ್ನೆಲ್ಲ ಒಂದೇ ಸಲ ಮೋಟಾರಿಗೆ ಸುರಿದರೆ ರೋಬೋಟ್ ಒಂದು ಜಿಗಿತ ಜಿಗಿಯುತ್ತದೆ. ಮತ್ತೆ ನಿಂತು ತುಂಬಿಕೊಳ್ಳುತ್ತದೆ.

ಯಾವಾಗ ಸುರಿಯಬೇಕು ಅಂತ ನೋಡುತ್ತಿರುವುದು 1381 ಎಂಬ ಮೂರು ಕಾಲಿನ ಭಾಗ. ವೋಲ್ಟೇಜ್ ಇಳಿದಾಗ ಮೈಕ್ರೋಪ್ರೊಸೆಸರ್ ದಾರಿ ತಪ್ಪದಂತೆ ಅದನ್ನು ರೀಸೆಟ್ ಮಾಡುವುದಕ್ಕಾಗಿ ಈ ಭಾಗವನ್ನು ತಯಾರಿಸಿದ್ದು. ಹವ್ಯಾಸಿಗಳು ಅದನ್ನು ತಲೆಕೆಳಗು ಮಾಡಿದರು. ವೋಲ್ಟೇಜ್ ಸಾಕಷ್ಟು ಏರಿದ ಕ್ಷಣವನ್ನು ಹಿಡಿಯಲು ಬಳಸಿದರು. ಕಂಪ್ಯೂಟರನ್ನು ಕಾಯಬೇಕಿದ್ದ ಭಾಗ ಕಂಪ್ಯೂಟರೇ ಇಲ್ಲದ ರೋಬೋಟಿನಲ್ಲಿ ಕೆಲಸ ಮಾಡುತ್ತಿದೆ. ಇಂಥ ಕಡೆ ನನಗೆ ಹವ್ಯಾಸಿಗಳ ಮೇಲೆ ಅಪಾರ ಪ್ರೀತಿ ಬರುತ್ತದೆ.

ನನ್ನದರಲ್ಲಿ 1381 ಎರಡಿವೆ, ಒಂದೊಂದು ಮೋಟಾರಿಗೆ ಒಂದೊಂದು. ಎರಡೂ ಒಂದೇ ಕೆಪಾಸಿಟರನ್ನು ನೋಡುತ್ತಿರುತ್ತವೆ. ಯಾವುದು ಮೊದಲು ಎಚ್ಚರವಾಗುತ್ತದೋ ಅದು ಇದ್ದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಇನ್ನೊಂದಕ್ಕೆ ಆ ಸರದಿಯಲ್ಲಿ ಏನೂ ಸಿಗುವುದಿಲ್ಲ. ಯಾವುದು ಮೊದಲು ಅನ್ನುವುದನ್ನು ಕಣ್ಣುಗಳು, ಅಂದರೆ ಎರಡು ಫೋಟೋಡಯೋಡ್‌ಗಳು, ತೀರ್ಮಾನಿಸುತ್ತವೆ. ಎಡಗಣ್ಣಿಗೆ ಬೆಳಕು ಜಾಸ್ತಿ ಬಿದ್ದರೆ ಬಲ ಮೋಟಾರ್ ಮೊದಲು ಓಡುತ್ತದೆ. ರೋಬೋಟ್ ಎಡಕ್ಕೆ, ಅಂದರೆ ಬೆಳಕಿನ ಕಡೆಗೆ ತಿರುಗುತ್ತದೆ. ಬೆಳಕು ನೇರ ಎದುರಿಗಿದ್ದರೆ ಒಮ್ಮೆ ಆ ಕಾಲು, ಒಮ್ಮೆ ಈ ಕಾಲು. ಅದೇ ನಡಿಗೆ.

ಮಧ್ಯಾಹ್ನದ ಹೊತ್ತಿಗೆ ಬೆಸುಗೆ ಎಲ್ಲ ಮುಗಿಯಿತು. ಕಿಟಕಿಯಿಂದ ಬಿಸಿಲು ಬೀಳುವ ಕಡೆ ನೆಲದ ಮೇಲೆ ಇಟ್ಟೆವು. ಅದು ಸುಮ್ನೆ ಕೂತಿತ್ತು. ಗೆಳೆಯ ನನ್ನ ಮುಖ ನೋಡಿದ. ಆಮೇಲೆ ಟಿಕ್ ಅಂತ ಒಂದು ಸಣ್ಣ ಸದ್ದು, ಬಲಗಡೆಯ ಮೋಟಾರ್ ಒಂದು ಕ್ಷಣ ಸುತ್ತಿತು, ಇಡೀ ಮೈ ಎಡಕ್ಕೆ ಹೊರಳಿತು. ನಾನು ಕೂಗಿಯೇಬಿಟ್ಟೆ. ಇನ್ನೊಂದು ಟಿಕ್. ಮತ್ತೊಂದು. ನೋಡುತ್ತಿದ್ದಂತೆಯೇ ಅದು ಬಿಸಿಲಿನ ಚೌಕದ ಅಂಚಿನಿಂದ ಮಧ್ಯಕ್ಕೆ ಬಂತು.

ಆಮೇಲೆ ನಾವಿಬ್ಬರೂ ನೆಲದ ಮೇಲೆಯೇ ಉಳಿದೆವು. ಗೆಳೆಯ ಪರೀಕ್ಷೆ ಶುರು ಮಾಡಿದ. ಅವನ ವೃತ್ತಿಯೇ ಅದು, ಯಂತ್ರ ಎಲ್ಲಿ ಸೋಲುತ್ತದೆ ಅಂತ ಹುಡುಕುವುದು. ಅಂಗೈ ಅಡ್ಡ ಹಿಡಿದು ಅದರ ಮೇಲೆ ನೆರಳು ಹಾಕಿದ. ಟಿಕ್‌ಗಳ ನಡುವಿನ ಅಂತರ ಹೆಚ್ಚಿತು, ಆದರೆ ಅದು ನೆರಳಿನಿಂದ ಹೊರಗೆ ತಿರುಗಿತು. ಬಿಸಿಲಿಗೆ ಬಂದಂತೆ ಮತ್ತೆ ಚುರುಕಾಯಿತು. ಕನ್ನಡಿ ಹಿಡಿದು ಬೆಳಕನ್ನು ಬೇರೆ ಕಡೆಯಿಂದ ಬೀಳಿಸಿದ. ಕನ್ನಡಿಯ ಕಡೆ ಹೊರಟಿತು. ಕಣ್ಣುಗಳಿಗೆ ಕಪ್ಪು ಕೊಳವೆಯ ತುಂಡು ತೊಡಿಸಿ ಅಡ್ಡ ಬೆಳಕು ತಡೆದ ಮೇಲೆ ಅದರ ದಾರಿ ಇನ್ನೂ ನೇರವಾಯಿತು. ಮೋಡ ಬಂದಾಗ ನಿಧಾನವಾಯಿತು, ಮೋಡ ಸರಿದಾಗ ಎದ್ದಿತು. ಇದ್ಯಾವುದಕ್ಕೂ ನಾನು ಏನೂ ಬರೆದಿರಲಿಲ್ಲ. ಬೆಳಕು ಕಡಿಮೆಯಾದರೆ ನಿಧಾನ ಮಾಡು ಅನ್ನುವ ನಿಯಮ ಅದರೊಳಗೆ ಎಲ್ಲೂ ಇಲ್ಲ. ಕೆಪಾಸಿಟರ್ ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟೇ. ನೋಡುವವರಿಗೆ ಮಾತ್ರ ಅದು ಸುಸ್ತಾಗಿ ಕೂತ ಹಾಗೆ ಕಾಣುತ್ತದೆ.

ಆಗ ನಾನು ಗೆಳೆಯನಿಗೆ ಗ್ರೇ ವಾಲ್ಟರ್ ಬಗ್ಗೆ ಹೇಳಿದೆ. ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಿದ್ದ ವಿಜ್ಞಾನಿ. 1948, 1949ರ ಹೊತ್ತಿಗೆ ಎಲ್ಮರ್, ಎಲ್ಸಿ ಅಂತ ಎರಡು ಯಾಂತ್ರಿಕ ಆಮೆಗಳನ್ನು ಕಟ್ಟಿದರು. ಒಂದೊಂದರ ಮೆದುಳು ಎರಡೇ ವಾಲ್ವ್, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಎಲೆಕ್ಟ್ರಾನಿಕ್ ನಳಿಕೆಗಳು. ಒಂದು ಬೆಳಕಿನ ಕಣ್ಣು, ಚಿಪ್ಪು ಎಲ್ಲಾದರೂ ತಾಗಿದರೆ ತಿಳಿಸುವ ಒಂದು ಸ್ವಿಚ್. ಇಷ್ಟರಲ್ಲೇ ಆ ಆಮೆಗಳು ಸಾಧಾರಣ ಬೆಳಕಿನ ಕಡೆ ಹೋಗುತ್ತಿದ್ದವು, ತೀರಾ ಪ್ರಖರವಾದರೆ ಹಿಂದೆ ಸರಿಯುತ್ತಿದ್ದವು, ಅಡ್ಡ ಬಂದದ್ದನ್ನು ಸುತ್ತಿ ಹೋಗುತ್ತಿದ್ದವು. ಬ್ಯಾಟರಿ ಇಳಿದಾಗ ಅದೇ ಪ್ರಖರ ಬೆಳಕು ಅವಕ್ಕೆ ಬೇಕೆನಿಸುತ್ತಿತ್ತು. ಚಾರ್ಜ್ ಮಾಡುವ ಗೂಡಿನಲ್ಲಿ ಅಂಥ ದೀಪ ಇಟ್ಟಿದ್ದರು, ಅವು ಅಲ್ಲಿಗೆ ಹೋಗಿ ಸೇರುತ್ತಿದ್ದವು. ಮೂತಿಯ ಮೇಲೆ ಒಂದು ದೀಪ ಇದ್ದ ಆಮೆ ಕನ್ನಡಿಯ ಮುಂದೆ ಬಂದರೆ ತನ್ನದೇ ದೀಪದ ಪ್ರತಿಬಿಂಬದ ಎದುರು ಕುಣಿಯುವಂತೆ ಅತ್ತಿತ್ತ ಆಡುತ್ತಿತ್ತು. 1951ರ ಫೆಸ್ಟಿವಲ್ ಆಫ್ ಬ್ರಿಟನ್‌ನಲ್ಲಿ ಇಂಥ ಆಮೆಗಳನ್ನು ಜನ ಕಣ್ಣಾರೆ ನೋಡಿದರು.

'ಎರಡು ವಾಲ್ವ್ ಲೆಕ್ಕ ಹಾಕುತ್ತವಲ್ಲ' ಅಂದ ಗೆಳೆಯ. ಒಳ್ಳೆಯ ಮಾತು. ಹಾಗಾದರೆ ನನ್ನ ಎರಡು 1381 ಕೂಡ ಲೆಕ್ಕ ಹಾಕುತ್ತವೆ, ಅಲ್ವಾ? ಯಾವ ಕಡೆ ಬೆಳಕು ಜಾಸ್ತಿ ಅನ್ನುವುದು ಒಂದು ಲೆಕ್ಕವೇ. ಉತ್ತರವನ್ನು ಅಂಕಿಯಲ್ಲಿ ಬರೆಯುವ ಬದಲು ಒಂದು ಮೋಟಾರ್ ತಿರುಗಿಸಿ ಹೇಳುತ್ತದೆ. ಅವನು ಇದಕ್ಕೆ ತಕ್ಷಣ ಏನೂ ಹೇಳಲಿಲ್ಲ.

ನನ್ನ ನಂಬಿಕೆ ಇದು: ಯಂತ್ರದ ಆಕಾರದಲ್ಲೇ ಬುದ್ಧಿ ಇಡಬಹುದು. ಅದನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ನೆದರ್ಲೆಂಡ್ಸಿನ ಕಲಾವಿದ ಥಿಯೋ ಯಾನ್ಸನ್ ಕಟ್ಟುವ ಸ್ಟ್ರಾಂಡ್‌ಬೀಸ್ಟ್‌ಗಳು. ಅವರು 1990ರಿಂದ ಪಿವಿಸಿ ವೈರಿಂಗ್ ಪೈಪುಗಳಲ್ಲಿ ದೊಡ್ಡ ದೊಡ್ಡ ಪ್ರಾಣಿಗಳನ್ನು ಕಟ್ಟಿ ಸಮುದ್ರ ದಡದಲ್ಲಿ ಗಾಳಿಗೆ ನಡೆಸುತ್ತಿದ್ದಾರೆ. ಕಾಲಿನ ಕೋಲುಗಳ ಉದ್ದ ಎಷ್ಟೆಷ್ಟಿರಬೇಕು ಅಂತ ಅವರು ಕಂಪ್ಯೂಟರಿನಿಂದ ಹುಡುಕಿಸಿದರು. ಆ ಉದ್ದಗಳು ಸಿಕ್ಕ ಮೇಲೆ ಕಂಪ್ಯೂಟರಿಗೆ ಅಲ್ಲಿ ಕೆಲಸವಿಲ್ಲ. ಕಾಲುಗಳನ್ನು ಆಡಿಸುವ ಬಾಗಿದ ದಂಡ, ಅಂದರೆ ಕ್ರ್ಯಾಂಕ್, ತಿರುಗಿದರೆ ಪಾದ ನೆಲದ ಮೇಲೆ ಸಮನಾಗಿ ಸರಿಯುತ್ತದೆ, ಆಮೇಲೆ ಎದ್ದು ಮುಂದೆ ಬರುತ್ತದೆ. ಕೆಲವು ಪ್ರಾಣಿಗಳು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಗಾಳಿ ತುಂಬಿಟ್ಟುಕೊಳ್ಳುತ್ತವೆ. ಗಾಳಿ ಹೀರುತ್ತಿರುವ ಕೊಳವೆಗೆ ನೀರು ಸಿಕ್ಕರೆ ಸಮುದ್ರ ಬಂತು ಅಂತ ತಿಳಿದು ಹಿಂದೆ ತಿರುಗುತ್ತವೆ. ಅದರಲ್ಲೂ ಎಲೆಕ್ಟ್ರಾನಿಕ್ಸ್ ಇಲ್ಲ.

ಎಂಜಿನಿಯರ್ ಟ್ಯಾಡ್ ಮಗೀರ್ 1990ರಲ್ಲಿ ತೋರಿಸಿದ ಕಾಲುಗಳಲ್ಲಿ ಮೋಟಾರ್ ಕೂಡ ಇರಲಿಲ್ಲ. ಸ್ವಲ್ಪ ಇಳಿಜಾರಿದ್ದರೆ ಸಾಕು, ಅವು ತಾವಾಗಿಯೇ ನಡೆದು ಇಳಿಯುತ್ತಿದ್ದವು. ಆ ವಿಚಾರ ಮುಂದೆ ಬೆಳೆದು ಕಾರ್ನೆಲ್ ವಿಶ್ವವಿದ್ಯಾಲಯದ ರೇಂಜರ್ ಎಂಬ ರೋಬೋಟ್ ಆಯಿತು. ಅದಕ್ಕೆ ಮೋಟಾರ್, ಕಂಪ್ಯೂಟರ್ ಎರಡೂ ಇದ್ದವು, ಆದರೆ ಹೆಚ್ಚಿನ ಕೆಲಸ ಕಾಲಿನ ತೂಗಾಟದ್ದೇ. 2011ರಲ್ಲಿ ಅದು ಒಂದೇ ಚಾರ್ಜಿನಲ್ಲಿ 65 ಕಿಲೋಮೀಟರ್ ನಡೆಯಿತು. ವಸ್ತು ಹಿಡಿಯುವ ಕೈಯಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಬೆರಳುಗಳ ಬದಲು ಕಾಫಿಪುಡಿ ತುಂಬಿದ ರಬ್ಬರ್ ಚೀಲ. ಅದನ್ನು ವಸ್ತುವಿನ ಮೇಲೆ ಒತ್ತಿ ಒಳಗಿನ ಗಾಳಿ ಎಳೆದರೆ ಪುಡಿ ಗಟ್ಟಿಯಾಗಿ ಬಿಗಿ ಹಿಡಿಯುತ್ತದೆ. ಗಾಳಿ ಬಿಟ್ಟರೆ ಸಡಿಲ. 2010ರಲ್ಲಿ ಇದರ ಬಗ್ಗೆ ಪ್ರಬಂಧ ಬಂತು. ಯಾವ ವಸ್ತು, ಅದರ ಆಕಾರ ಏನು ಅಂತ ಆ ಕೈಗೆ ಗೊತ್ತಿರಬೇಕಾಗಿಲ್ಲ.

ಈ ಕೈಯ ವಿಷಯ ಬಂದಾಗ ಗೆಳೆಯ ಎದ್ದು ಕೂತ. ಕಾರ್ಖಾನೆಯಲ್ಲಿ ಒಂದೊಂದು ಆಕಾರದ ಭಾಗಕ್ಕೂ ಬೇರೆ ಬೇರೆ ಹಿಡಿಕೆ ಮಾಡಿ, ಪ್ರತಿ ಕೋನವನ್ನೂ ಲೆಕ್ಕ ಹಾಕುವ ಕಷ್ಟ ಅವನಿಗೆ ಗೊತ್ತು. ಆ ಚೀಲದ ಬಗ್ಗೆ ಬಹಳ ಹೊತ್ತು ಕೇಳಿದ. ಅದರ ಮಿತಿಗಳನ್ನೂ ಅವನೇ ಹೇಳಿದ. ಚಪ್ಪಟೆ ಹಾಳೆಯನ್ನು ಅದು ಹೇಗೆ ಹಿಡಿಯುತ್ತದೆ? ಮೃದುವಾದದ್ದನ್ನು? ನ್ಯಾಯವಾದ ಪ್ರಶ್ನೆಗಳು. ಆಕಾರದಲ್ಲಿಟ್ಟ ಬುದ್ಧಿಯನ್ನು ಬದಲಿಸುವುದು ಕಷ್ಟ, ಪ್ರೋಗ್ರಾಮನ್ನಾದರೆ ಸಂಜೆಯೊಳಗೆ ತಿದ್ದಬಹುದು. ಇದನ್ನು ನಾನು ಒಪ್ಪುತ್ತೇನೆ. ನನ್ನ ಫೋಟೋಪಾಪರ್‌ಗೆ ಕತ್ತಲನ್ನು ಹುಡುಕು ಅಂತ ಹೇಳಬೇಕಾದರೆ ಬೆಸುಗೆ ಬಿಚ್ಚಿ ಕಣ್ಣುಗಳನ್ನು ಅದಲು ಬದಲು ಮಾಡಬೇಕು.

ಬಿಸಿಲು ಇಳಿದ ಮೇಲೆ ಅದನ್ನು ಮನೆಯ ಎಲ್‌ಇಡಿ ದೀಪದ ಕೆಳಗಿಟ್ಟು ನೋಡಿದೆವು. ಕದಲಲಿಲ್ಲ. ನಮ್ಮ ಕಣ್ಣಿಗೆ ಕೋಣೆ ಬೆಳಗಿದೆ ಅನ್ನಿಸುತ್ತದೆ, ಆದರೆ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಅಲ್ಲಿ ಇರುವುದು ಕೆಲವು ನೂರು ಲಕ್ಸ್. ನಡು ಮಧ್ಯಾಹ್ನದ ನೇರ ಬಿಸಿಲು 1 ಲಕ್ಷ ಲಕ್ಸ್ ಹತ್ತಿರ. ಆ ವ್ಯತ್ಯಾಸ ನಮಗೆ ಗೊತ್ತಾಗುವುದೇ ಇಲ್ಲ. ಆಮೇಲೆ ಹಳೆಯ ಕಾಲದ ತಂತಿ ಬಲ್ಬ್ ಒಂದನ್ನು ಹುಡುಕಿ ಹಚ್ಚಿ ಹತ್ತಿರ ತಂದೆವು. ಸ್ವಲ್ಪ ಹೊತ್ತಿಗೆ ಟಿಕ್ ಅಂತು. ಆ ಬಲ್ಬಿನಿಂದ ಬರುವ ಬೆಳಕಿನಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಸಿಲಿಕಾನ್ ಪ್ಯಾನೆಲ್ ಅದರಲ್ಲೂ ಒಂದು ಭಾಗವನ್ನು ಹಿಡಿದುಕೊಳ್ಳುತ್ತದೆ. ಎಲ್‌ಇಡಿ ದೀಪದಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು.

ಈಗ ಅದಕ್ಕೆ ಮೀಸೆ ಕೂರಿಸುತ್ತಿದ್ದೇನೆ. ತಂತಿಯ ಒಂದು ಸಣ್ಣ ಉಂಗುರ, ಅದರ ನಡುವೆ ಗಿಟಾರಿನ ತೆಳು ತಂತಿ. ಏನಾದರೂ ತಾಗಿದರೆ ಗಿಟಾರ್ ತಂತಿ ಬಾಗಿ ಉಂಗುರ ಮುಟ್ಟುತ್ತದೆ, ಆಗ ಆ ಬದಿಯ ಮೋಟಾರಿಗೆ ಸರದಿ ಸಿಗುತ್ತದೆ, ರೋಬೋಟ್ ಇನ್ನೊಂದು ಕಡೆಗೆ ಹೊರಳುತ್ತದೆ. ತಂತಿ ಎಷ್ಟು ಉದ್ದ ಇರಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೆ ಜಗಳ ನಡೆದಿದೆ. ಉದ್ದವಾದರೆ ಪ್ರತಿ ಜಿಗಿತಕ್ಕೂ ತಾನೇ ನಡುಗಿ ಸುಳ್ಳು ಸುದ್ದಿ ಕೊಡುತ್ತದೆ ಅನ್ನುವುದು ಗೆಳೆಯನ ವಾದ. ಚಿಕ್ಕದಾದರೆ ತಿರುಗಲು ಜಾಗವೇ ಉಳಿದಿರುವುದಿಲ್ಲ ಅನ್ನುವುದು ನನ್ನದು. ಅದನ್ನು ರೋಬೋಟ್ ಅನ್ನಲು ಅವನು ಈಗಲೂ ತಯಾರಿಲ್ಲ. ಮುಂದಿನ ವಾರ ಮೂರು ಬೇರೆ ಬೇರೆ ದಪ್ಪದ ತಂತಿ ತರುತ್ತೇನೆ, ಎಲ್ಲವನ್ನೂ ಹಾಕಿ ನೋಡೋಣ ಅಂದಿದ್ದಾನೆ.