‘ನನ್ನ ಕೈಲಂತೂ ಆಗಲ್ಲ’

ಮಂಗಳವಾರದಿಂದ ಆ ಮಾತು ಕಿವಿಯಲ್ಲೇ ಕೂತಿದೆ. “ಅದು ಹೇಗ್ರೀ ಮಾಡ್ತೀರಿ? ನನ್ನ ಕೈಲಂತೂ ಆಗಲ್ಲ. ನನಗೆ ಪ್ರಾಣಿಗಳು ಅಂದ್ರೆ ಅಷ್ಟು ಪ್ರೀತಿ.”

ಹೇಳಿದಾಕೆ ಕೆಟ್ಟವರಲ್ಲ. ರಸ್ತೆ ಬದಿಯಲ್ಲಿ ಬಿದ್ದಿದ್ದ ಆ ಕಂದು ನಾಯಿಯನ್ನು ನಮ್ಮ ಪ್ರಾಣಿ ಆಸ್ಪತ್ರೆಗೆ ಎತ್ತಿಕೊಂಡು ಬಂದವರೇ ಅವರು. ಆಗ ಬರೀ ಜ್ವರ, ಮೂಗಲ್ಲಿ ಕೀವು. ಆಮೇಲೆ ಡಿಸ್ಟೆಂಪರ್, ಅಂದರೆ ನಾಯಿಗಳಿಗೆ ಬರುವ ಒಂದು ವೈರಸ್ ಕಾಯಿಲೆ, ಮೆದುಳಿಗೆ ಏರಿತು. ನಿದ್ದೆಯಲ್ಲೂ ಹಿಂಗಾಲು ತಟತಟ ಅದುರುತ್ತಿತ್ತು. ಏನೂ ಇಲ್ಲದಿದ್ದರೂ ದವಡೆ ಅಗಿಯುತ್ತಲೇ ಇರುತ್ತಿತ್ತು, ಬಾಯ್ತುಂಬ ನೊರೆ. ಆ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಫಿಟ್ಸಿಗೆ ಕೊಟ್ಟ ಮಾತ್ರೆಯೂ ನಾಟಲಿಲ್ಲ. ಡಾಕ್ಟರು ಸೋಮವಾರ ಸಂಜೆ ಕೇಸ್ ಶೀಟಿನಲ್ಲಿ ದಯಾಮರಣ ಅಂತ ಬರೆದುಬಿಟ್ಟರು.

ಮಾತು ಬಿದ್ದಿದ್ದು ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಮೇಲೆ. 14 ದಿನ ಸಿರಿಂಜಿನಲ್ಲಿ ತೊಟ್ಟುತೊಟ್ಟಾಗಿ ಅದಕ್ಕೆ ಊಟ ಕುಡಿಸಿದವಳು ಅವಳು. “ಹೂಂ ಮೇಡಂ” ಅಂದಳು, ಅಷ್ಟೇ. ಸಹಿ ಮಾಡಬೇಕಾದ ಜಾಗ ತೋರಿಸಿದಳು. ಆಕೆ ಸಹಿ ಮಾಡಿ, ಕಣ್ಣೊರೆಸಿಕೊಂಡು ಹೊರಟರು.

ಮೊದಲು ಮತ್ತಿನ ಇಂಜೆಕ್ಷನ್. ಅದು ಹತ್ತುವವರೆಗೆ ಕಾಯಬೇಕು, ಅವಸರ ಮಾಡಿದರೆ ನಾಯಿ ಗಾಬರಿಯಾಗುತ್ತದೆ. ಮುಂಗಾಲಿನ ಕೂದಲು ಬೋಳಿಸಿದಾಗ ಕಂಡ ಚರ್ಮ ಮರಿಯ ಚರ್ಮದಷ್ಟೇ ನುಣುಪಾಗಿತ್ತು. ಆಮೇಲೆ ಚುಚ್ಚುವ ಪೆಂಟೋಬಾರ್ಬಿಟಾಲ್ ಅರಿವಳಿಕೆಯ ಜಾತಿಯ ಔಷಧಿಯೇ. ಪ್ರಮಾಣ ಮೀರಿ ಕೊಟ್ಟಾಗ ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು, ಎದೆಬಡಿತ. ಕಣ್ಣು ಮಾತ್ರ ಮುಚ್ಚುವುದಿಲ್ಲ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು “ಆಯ್ತು” ಅಂದ ಮೇಲೂ ಅವಳ ಬೆರಳು ಅದರ ಕಿವಿಯ ಹಿಂದೆ ಕೆರೆಯುತ್ತಲೇ ಇತ್ತು.

ಇದು ಕಡೇಪಕ್ಷ ನೋವಿನಿಂದ ಬಿಡುಗಡೆ. ಜಾಗವಿಲ್ಲ ಅಂತ ಗಟ್ಟಿಮುಟ್ಟಾದ ಪ್ರಾಣಿಗಳನ್ನೂ ಸಾಯಿಸಲು ಪಟ್ಟಿ ಮಾಡಬೇಕಾದ ಆಶ್ರಯತಾಣಗಳೂ ಇವೆ. ಅಲ್ಲಿನವರನ್ನು ನೆನೆದರೇ ಎದೆ ಬಿಗಿಯುತ್ತದೆ. ತತ್ವಶಾಸ್ತ್ರಜ್ಞ ಬರ್ನಾರ್ಡ್ ರಾಲಿನ್ 1980ರ ದಶಕದಲ್ಲೇ ಇದನ್ನು ನೈತಿಕ ಒತ್ತಡ ಅಂತ ಕರೆದರು. ಯಾವುದಕ್ಕಾಗಿ ಈ ಕೆಲಸಕ್ಕೆ ಬಂದೆವೋ ಅದಕ್ಕೇ ಎದುರಾದದ್ದನ್ನು ಮಾಡಬೇಕಾಗಿ ಬರುವ ಸಂಕಟ ಅದು, ಮಾಮೂಲಿ ದಣಿವಿನ ಮದ್ದು ಅದಕ್ಕೆ ನಾಟದು ಅನ್ನುವುದು ಅವರ ವಾದ. ಹಾಗಿದ್ದೂ ನಮಗೆ ಸಿಗುವ ಸಲಹೆ ಒಂದೇ: ಎರಡು ದಿನ ರಜೆ ಹಾಕಿ. ದಯಾಮರಣದ ಕೋಣೆಯ ಕೆಲಸವನ್ನು ಸರದಿಯಲ್ಲಿ ಹಂಚಿ, ಮುಗಿದ ಮೇಲೆ ಹತ್ತು ನಿಮಿಷ ಜೊತೆ ಕೂತು ಮಾತಾಡಿಸಿ ಅಂತ ಯಾರೂ ಹೇಳುವುದಿಲ್ಲ. ಕೈ ನಡುಗದವರು ಅಂತ ಒಬ್ಬರಿಗೆ ಹೆಸರು ಬಂದರೆ ಸಾಕು, ಪ್ರತಿ ಸಲ ಅವರನ್ನೇ ಕರೆಯುತ್ತಾರೆ. ನಮ್ಮಲ್ಲಿ ಆ ಹೆಸರು ಇವಳಿಗಿದೆ.

ನನಗೆ ಅಷ್ಟು ಪ್ರೀತಿ, ನನ್ನ ಕೈಲಾಗಲ್ಲ. ಹಾಗಾದರೆ ಕೈಲಾದವಳಿಗೆ ಪ್ರೀತಿ ಇಲ್ಲ ಅಂತಲೇ? ಬಾಯಿಗೆ ಬಂದದ್ದನ್ನು ಅಂದು ಹೋದರು ಅಂತ ಬಿಟ್ಟುಬಿಡಬಹುದು. ಆದರೆ ಪಕ್ಕದಲ್ಲೇ ನಿಂತಿದ್ದ ನಾನೂ ತುಟಿ ಬಿಚ್ಚಲಿಲ್ಲ.

ಸಂಜೆ ಕೈ ತೊಳೆಯುತ್ತಾ ಅವಳು ಕೇಳಿದಳು: “ಆ ಮೇಡಂ ಒಳಗೆ ಬಂದು ತಲೆ ಹಿಡ್ಕೊಂಡಿದ್ರೆ, ಪಾಪ, ಅದಕ್ಕೆ ಗುರುತಿನ ವಾಸನೆ ಆದ್ರೂ ಸಿಗ್ತಿತ್ತಲ್ವಾ?”

ಆ ನಾಯಿಗೆ ಗುರುತಿದ್ದ ವಾಸನೆ ಯಾರದ್ದು ಅಂತ ಅವಳಿಗೆ ಹೊಳೆದೇ ಇಲ್ಲ. ಅದನ್ನೂ ನಾನು ಆಗ ಹೇಳಲಿಲ್ಲ. ನಾಳೆ ಅವಳದು ಬೆಳಗಿನ ಪಾಳಿ. ಸ್ವಲ್ಪ ಮುಂಚೆಯೇ ಹೋಗುತ್ತೇನೆ.