ಒಂದು ಗಂಟೇಲಿ 56 ಕಿಲೋಮೀಟರ್ ತುಳಿಯೋಕೆ ಎಷ್ಟು ವಾಟ್ ಬೇಕು?

ನಂಗೆ ಸೈಕಲ್ ಹುಚ್ಚಿದೆ, ಮನೇಲಿ ಕಾಲಿನ ಪವರ್ ಎಷ್ಟು ವಾಟ್ ಅಂತ ತೋರ್ಸೋ ಟ್ರೈನರ್ (ನಿಂತಲ್ಲೇ ಸೈಕಲ್ ತುಳಿಯೋ ಯಂತ್ರ) ಇದೆ ಅಂತ ಗೊತ್ತಾದ್ಮೇಲೆ ಆಫೀಸಲ್ಲಿ, ಭಾನುವಾರದ ರೈಡಲ್ಲಿ, ಒಂದ್ಸಲ ಮದುವೆ ಊಟದ ಪಂಕ್ತೀಲೂ ಬಂದಿರೋ ಪ್ರಶ್ನೆ ಒಂದೇ. "ಆ ಇಟಲಿಯವ್ನು ಗನ್ನಾ ಒಂದು ಗಂಟೇಲಿ 56 ಕಿಲೋಮೀಟರ್ ಹೊಡೆದ್ನಲ್ಲ, ಅದಕ್ಕೆ ಎಷ್ಟು ವಾಟ್ ಬೇಕು? ನೀನು ಅದ್ರಲ್ಲಿ ಅರ್ಧನಾದ್ರೂ ಹೊಡೀತೀಯಾ?"

ಅರ್ಧ ಹೊಡೀತೀನಿ ಸ್ವಾಮಿ. ಆದ್ರೆ ಅರ್ಧ ವಾಟಿಗೆ ಅರ್ಧ ದೂರ ಅನ್ಕೋಬೇಡಿ, ಲೆಕ್ಕ ಹಾಗೆ ನಡೆಯಲ್ಲ ಇಲ್ಲಿ.

ಗೊತ್ತಿಲ್ದೋರಿಗೆ ಮೊದ್ಲು ಹೇಳ್ಬಿಡ್ತೀನಿ. ಅವರ್ ರೆಕಾರ್ಡ್ ಅಂದ್ರೆ ಟ್ರ್ಯಾಕಲ್ಲಿ ಒಬ್ನೇ, ನಿಂತ ಜಾಗದಿಂದ ಶುರು ಮಾಡಿ, 60 ನಿಮಿಷದಲ್ಲಿ ಎಷ್ಟು ದೂರ ಹೋಗ್ತಾನೆ ಅನ್ನೋದು. ಅಷ್ಟೇ. ಬ್ರೇಕ್ ಇಲ್ಲ, ಗೇರ್ ಬದಲಾಯ್ಸಂಗಿಲ್ಲ. ಫಿಲಿಪ್ಪೋ ಗನ್ನಾ 2022ರ ಅಕ್ಟೋಬರ್ 8ಕ್ಕೆ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ 56.792 ಕಿಲೋಮೀಟರ್ ಮಾಡಿದ, 250 ಮೀಟರಿನ ಟ್ರ್ಯಾಕಲ್ಲಿ 227 ಸುತ್ತು. ಚೈನ್ ಕೂರೋ ಗೇರ್ ಚಕ್ರಕ್ಕೆ ಮುಂದೆ 65 ಹಲ್ಲು, ಹಿಂದೆ 14. ಆ ಗೇರನ್ನ ನಮ್ಮ ರಸ್ತೇಲಿ ತುಳಿದ್ರೆ ಸಿಗ್ನಲ್ಲಿಂದ ಹೊರಡೋದೇ ಕಷ್ಟ.

ಈಗ ನನ್ನ ಕತೆ. ಹೋದ ವರ್ಷ ಟ್ರೈನರ್ ಮೇಲೆ ಪೂರ್ತಿ ಒಂದು ಗಂಟೆ 225 ವಾಟ್ ಹಿಡ್ಕೊಂಡೆ, ಅಂದ್ರೆ ಮೂರು ಸೀಲಿಂಗ್ ಫ್ಯಾನ್ ತಿರುಗ್ಸೋವಷ್ಟು. ಮೊದಲ 20 ನಿಮಿಷ ಅಯ್ಯೋ ಇಷ್ಟೇನಾ ಅನ್ನಿಸ್ತು, 40ಕ್ಕೆ ಯಾಕಪ್ಪಾ ಬೇಕಿತ್ತು ಅನ್ನಿಸ್ತು, ಕೊನೇ ಹತ್ತು ನಿಮಿಷ ಗಡಿಯಾರ ನೋಡ್ಬಾರ್ದು ಅಂತ ಅದ್ರ ಮೇಲೆ ಟವೆಲ್ ಹಾಕಿದ್ದೆ, ಇಳಿದ್ಮೇಲೆ ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋಬೇಕಾಯ್ತು. ನನ್ನ ರೋಡ್ ಬೈಕಲ್ಲಿ, ಸಮತಟ್ಟು ರಸ್ತೇಲಿ, ಗಾಳಿ ಇಲ್ದಿದ್ರೆ ಇದು ಗಂಟೆಗೆ ಸುಮಾರು 35 ಕಿಲೋಮೀಟರ್. 1893ರಲ್ಲಿ ಪ್ಯಾರಿಸ್‌ನಲ್ಲಿ ಆನ್ರಿ ದೆಗ್ರಾಂಜ್ (ಮುಂದೆ ಟೂರ್ ದ ಫ್ರಾನ್ಸ್ ಶುರು ಮಾಡಿದ್ನಲ್ಲ, ಅವ್ನೇ) ಮಾಡಿದ ರೆಕಾರ್ಡ್ 35.325. ಅಂದ್ರೆ ಕಾರ್ಬನ್ ಬೈಕ್ ಇಟ್ಕೊಂಡು ನಾನು ಬರೀ 130 ವರ್ಷ ಲೇಟು.

ಇನ್ನು ನಿಮ್ಮ ಪ್ರಶ್ನೆಗೆ ಬರ್ತೀನಿ. ಸಮತಟ್ಟಲ್ಲಿ ಸೈಕಲ್ ತುಳಿಯೋನು ಹೋರಾಡೋದು ಗಾಳಿ ಜೊತೆ. ಸ್ಪೀಡ್ ಡಬಲ್ ಆದ್ರೆ ಗಾಳಿ ಕೇಳೋ ಪವರ್ ಡಬಲ್ ಅಲ್ಲ, ಎಂಟು ಪಟ್ಟು. ನಾನು ಕೂರೋ ಥರನೇ ಕೂತು, ನನ್ನ ಬೈಕಲ್ಲೇ 56.8 ಹೋಗ್ಬೇಕು ಅಂದ್ರೆ 800 ವಾಟ್ ದಾಟ್ಬೇಕು. ಒಂದು ಗಂಟೆ ಅಷ್ಟು ಕೊಡೋ ಮನುಷ್ಯ ಹುಟ್ಟಿಲ್ಲ. ಗನ್ನಾ ಕೊಟ್ಟಿದ್ದು ನನ್ನ ಲೆಕ್ಕಕ್ಕೆ 450ರ ಆಸುಪಾಸು ಇರ್ಬೇಕು, ಅಂದ್ರೆ ನನ್ನ ಡಬಲ್. ಮಿಕ್ಕ 350 ಎಲ್ಲಿಂದ ಬಂತು ಅಂದ್ರೆ ಎಲ್ಲಿಂದಲೂ ಬರ್ಲಿಲ್ಲ, ಅವ್ನಿಗೆ ಅದು ಬೇಕಾಗ್ಲೇ ಇಲ್ಲ. ಕೈ ಮುಂದೆ ಚಾಚಿ, ತಲೆ ಭುಜದ ಮಧ್ಯ ಹುದುಗಿಸಿ, ಗಾಳೀಲಿ ನನಗಿಂತ ಹತ್ತಿರತ್ತಿರ ಅರ್ಧದಷ್ಟು ಕಿಂಡಿ ಕೊರ್ಕೊಂಡು ನುಗ್ಗಿದ.

ನಂಬ್ಕೆ ಬರ್ಲಿಲ್ವಾ, ಇಂಗ್ಲೆಂಡಿನ ಸೈಕಲ್ ಪಟು ಕ್ರಿಸ್ ಬೋರ್ಡ್‌ಮನ್ ನೋಡಿ. 1996ರಲ್ಲಿ ಮ್ಯಾಂಚೆಸ್ಟರಲ್ಲಿ ಕೈ ಉದ್ದಕ್ಕೆ ಚಾಚಿ ಸೂಪರ್‌ಮ್ಯಾನ್ ಥರ ಕೂತು 56.375 ಮಾಡಿದ. ಆಮೇಲೆ ಯುಸಿಐ (ಸೈಕ್ಲಿಂಗಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮ ಬದಲಾಯಿಸಿ, 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಈ ರೆಕಾರ್ಡ್ ಮಾಡಿದಾಗ ತುಳಿದಿದ್ದಂಥ ಸಾದಾ ಬೈಕೇ ಆಗ್ಬೇಕು ಅಂತು. 2000ದಲ್ಲಿ ಅದೇ ಬೋರ್ಡ್‌ಮನ್, ಅದೇ ಊರಲ್ಲಿ ಮಾಡಿದ್ದು 49.441, ಮರ್ಕ್ಸ್‌ಗಿಂತ ಬರೀ 10 ಮೀಟರ್ ಜಾಸ್ತಿ. ವಯಸ್ಸಾಗಿತ್ತು ಒಪ್ಪೋಣ, ಆದ್ರೆ ಏಳು ಕಿಲೋಮೀಟರ್ ವಯಸ್ಸೊಂದೇ ತಿನ್ನಲ್ಲ.

ಆದ್ರೆ ನನ್ನ ಹೀರೋ ಬೇರೆ, ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. ತಾನೇ ಕಟ್ಟಿದ ಸೈಕಲ್ಲಿಗೆ ವಾಷಿಂಗ್ ಮಷೀನಿನ ಬೇರಿಂಗ್ ಹಾಕಿ, ತೋಳನ್ನ ಎದೆ ಕೆಳಗೆ ಮಡ್ಚಿಕೊಂಡು 1993ರ ಜುಲೈನಲ್ಲಿ ನಾರ್ವೇಯ ಹಾಮರಿನಲ್ಲಿ ಪ್ರಯತ್ನ ಪಟ್ಟು ಸೋತ. ಬೇರೆ ಯಾರಾದ್ರೂ ಆಗಿದ್ರೆ ಮನೆಗೆ ಹೋಗ್ತಿದ್ರು, ಈ ಪುಣ್ಯಾತ್ಮ ನಾಳೆ ಬೆಳಿಗ್ಗೆನೇ ಇನ್ನೊಂದ್ಸಲ ಅಂದ. ರಾತ್ರಿ ಮಲಗಿದ್ರೆ ಕಾಲು ಗಟ್ಟಿ ಆಗುತ್ತೆ ಅಂತ ಹೊಟ್ಟೆ ತುಂಬ ನೀರು ಕುಡಿದು ಮಲಗಿದ, ಉಚ್ಚೆಗೆ ಎದ್ದಾಗೆಲ್ಲ ಕಾಲು ಎಳ್ಕೊಂಡು ಸ್ಟ್ರೆಚ್ ಮಾಡಿ ಮತ್ತೆ ನೀರು ಕುಡಿದು ಮತ್ತೆ ಮಲಗಿದ. ಬೆಳಿಗ್ಗೆ 51.596, ಹೊಸ ರೆಕಾರ್ಡ್. ಆರೇ ದಿನಕ್ಕೆ ಬೋರ್ಡ್‌ಮನ್ ಅದನ್ನ ಮುರಿದ, ಮುಂದಿನ ವರ್ಷ ಆ ಭಂಗಿನೇ ಬ್ಯಾನ್ ಆಯ್ತು, ಅದಿರ್ಲಿ.

"ಹಾಗಾದ್ರೆ ಬೆಟ್ಟದ ಮೇಲೆ ಗಾಳಿ ತೆಳು ಅಲ್ವಾ" ಅಂತ ಬುದ್ಧಿವಂತರು ಕೇಳ್ತಾರೆ. ಹೌದು, ಮರ್ಕ್ಸ್ ಅದಕ್ಕೇ 2,200 ಮೀಟರ್ ಎತ್ತರದ ಮೆಕ್ಸಿಕೋ ಸಿಟಿಗೆ ಹೋಗಿದ್ದು. ನಮ್ಮ ಬೆಂಗಳೂರೂ 900 ಮೀಟರ್ ಮೇಲಿದೆ, ಅದೇ ವಾಟಿಗೆ ಮಂಗಳೂರಿಗಿಂತ ಇಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಪುಕ್ಕಟೆ ಸಿಗುತ್ತೆ (ಟ್ರಾಫಿಕ್ ವಾಪಸ್ ಕಿತ್ಕೊಳ್ಳುತ್ತೆ, ಆ ಮಾತು ಬೇರೆ). ಆದ್ರೆ ಎತ್ತರ ಜಾಸ್ತಿ ಆದಂಗೆ ಆಕ್ಸಿಜನ್ನೂ ಕಮ್ಮಿ, ಎಂಜಿನ್ನೇ ಸೊರಗುತ್ತೆ. ಬಿಸಿ ಗಾಳಿ ತೆಳು ಅಂತ ಟ್ರ್ಯಾಕ್ ಬಿಸಿ ಮಾಡಿದ್ರೆ ಅದೂ ಎರಡಲಗಿನ ಕತ್ತಿ. ಕಾಲಿಂದ 450 ವಾಟ್ ಬರ್ಬೇಕಾದ್ರೆ ಮೈ ಸುಮಾರು 1,500 ವಾಟ್ ಶಾಖ ಕಕ್ಕುತ್ತೆ, ಹೊಟ್ಟೆಯೊಳಗೆ ಇಂಡಕ್ಷನ್ ಸ್ಟೋವ್ ಇಟ್ಕೊಂಡಂಗೆ. ಈ ಕೊಟ್ಟು ತಗೊಳ್ಳೋ ಲೆಕ್ಕ ಕೂತು ಬಿಡಿಸೋರಿಗೇ ಈ ರೆಕಾರ್ಡು. ಆಕ್ಸ್‌ಫರ್ಡಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದ ವಿಟೋರಿಯಾ ಬುಸ್ಸಿ 2023ರಲ್ಲಿ ಮೆಕ್ಸಿಕೋದ ಅಗ್ವಾಸ್‌ಕಾಲಿಯೆಂಟೆಸ್‌ನಲ್ಲಿ 50.267 ಮಾಡಿ, 50 ದಾಟಿದ ಮೊದಲ ಹೆಂಗಸು ಆಗಿದ್ದು ನಂಗಂತೂ ಆಶ್ಚರ್ಯ ಅನ್ನಿಸ್ಲಿಲ್ಲ.

ಇಷ್ಟೆಲ್ಲ ಕೇಳಿದ್ಮೇಲೆ ಪಂಕ್ತೀಲಿ ಪಕ್ಕ ಕೂತಿದ್ದ ಭಾವ "ಮತ್ತೆ ನೀನೂ ತಲೆ ಬಗ್ಗಿಸಿ ತುಳಿಯಪ್ಪ" ಅಂದ್ರು. ತುಳಿದೆ. ಮುಂದಿನ ಭಾನುವಾರ ದೇವನಹಳ್ಳಿ ಕಡೆ ಮೊಣಕೈ ಒಳಗೆ ಸೇರಿಸಿ, ಗಲ್ಲ ಹ್ಯಾಂಡಲ್ಲಿಗೆ ತಾಗೋ ಹಾಗೆ ಬಗ್ಗಿದೆ, ಅದೇ ವಾಟಿಗೆ ಮೀಟರ್ 35ರಿಂದ 37ಕ್ಕೆ ಏರ್ತು, ಖುಷಿಯಾಯ್ತು. ತಲೆ ಬಗ್ಗಿಸಿದ್ರಿಂದ ಹಂಪ್ ಮಾತ್ರ ಕಾಣಿಸ್ಲಿಲ್ಲ. ಬಾಟಲಿ ಹಾರಿ ಚರಂಡಿಗೆ ಬಿತ್ತು, ನಾನು ಹೇಗೋ ಬೀಳ್ಲಿಲ್ಲ.